ಆಟಿಸಂ, ಇಂದ್ರಿಯಗಳ ಮೇಲಿನ ಹೊರೆ ಮತ್ತು ಸಿನಿಮಾ: ಪದೇ ಪದೇ ಕೇಳುವ ಪ್ರಶ್ನೆಗಳು

ಆಟಿಸಂ ಇರುವವರ ಮನೆಯವರು, ಶಿಕ್ಷಕರು, ಕೆಲವೊಮ್ಮೆ ಆಟಿಸ್ಟಿಕ್ ವ್ಯಕ್ತಿಗಳೇ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಆಟಿಸಂ ಎಂದರೆ ಒಡನಾಟ, ಮಾತು, ಇಂದ್ರಿಯಗಳ ಅನುಭವ ಬಹುಪಾಲು ಜನರಿಗಿಂತ ಬೇರೆ ಬಗೆಯಲ್ಲಿರುವ ಸ್ಥಿತಿ. ಮೊದಲಿಗೆ ಪದದ ಬಗ್ಗೆ ಒಂದು ಮಾತು. ಕನ್ನಡದ ಪುಸ್ತಕಗಳಲ್ಲಿ ಇದಕ್ಕೆ ‘ಸ್ವಲೀನತೆ’ ಎಂಬ ಹೆಸರಿದೆ. ತನ್ನಲ್ಲೇ ಲೀನವಾದವರು, ಹೊರಗಿನದು ಯಾವುದೂ ತಾಗದವರು ಎಂಬ ಚಿತ್ರವನ್ನು ಆ ಪದ ಮನಸ್ಸಿನಲ್ಲಿ ಮೂಡಿಸುತ್ತದೆ. ಇಲ್ಲಿ ಹೇಳಹೊರಟಿರುವುದು ಅದಕ್ಕೆ ನೇರ ವಿರುದ್ಧವಾದ ಅನುಭವವನ್ನು, ಅಂದರೆ ಹೊರಗಿನದೆಲ್ಲವೂ ತಡೆಯಿಲ್ಲದೆ ಒಳನುಗ್ಗುವುದನ್ನು. ಆದ್ದರಿಂದ ‘ಆಟಿಸಂ’ ಎಂಬ ಪದವನ್ನೇ ಉಳಿಸಿಕೊಂಡಿದ್ದೇನೆ.

ಸೆನ್ಸರಿ ಓವರ್‌ಲೋಡ್ ಎಂದರೆ ಏನು?

ಇಂದ್ರಿಯಗಳ ಮೂಲಕ ಬರುವ ಮಾಹಿತಿ, ಮೆದುಳು ಆ ಹೊತ್ತಿನಲ್ಲಿ ನಿಭಾಯಿಸಬಲ್ಲ ಪ್ರಮಾಣವನ್ನು ಮೀರಿದಾಗ ಉಂಟಾಗುವ ಸ್ಥಿತಿ ಇದು. ಬೆಳಗಿನ ಹೊತ್ತು ಅಡುಗೆಮನೆಯಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ಕುಕ್ಕರ್ ಸೀಟಿ ಹಾಕುತ್ತಿದೆ, ಒಗ್ಗರಣೆಯ ಘಾಟು ಏಳುತ್ತಿದೆ, ಟ್ಯೂಬ್‌ಲೈಟಿನ ಚೋಕ್ ಸಣ್ಣಗೆ ಗುಂಯ್‌ಗುಡುತ್ತಿದೆ, ಅಂಗಿಯ ಕತ್ತಿನ ಹಿಂದಿನ ಲೇಬಲ್ ಚರ್ಮಕ್ಕೆ ತಾಗುತ್ತಿದೆ, ಬೀದಿಯಲ್ಲಿ ಯಾರೋ ಬೈಕ್ ಸ್ಟಾರ್ಟ್ ಮಾಡುತ್ತಿದ್ದಾರೆ, ಇದರ ನಡುವೆ ಮನೆಯವರೊಬ್ಬರು ನಿಮ್ಮನ್ನು ಏನೋ ಕೇಳುತ್ತಿದ್ದಾರೆ. ಬಹುತೇಕರಿಗೆ ಇವುಗಳಲ್ಲಿ ಕೇಳುವುದು ಆ ಪ್ರಶ್ನೆಯೊಂದೇ. ಉಳಿದವು ತಾವಾಗಿಯೇ ಹಿಂದೆ ಸರಿಯುತ್ತವೆ. ಅನೇಕ ಆಟಿಸ್ಟಿಕ್ ವ್ಯಕ್ತಿಗಳಿಗೆ ಹಾಗೆ ಸರಿಯುವುದಿಲ್ಲ, ಎಲ್ಲವೂ ಮುಂದಿನ ಸಾಲಿನಲ್ಲೇ ಕುಳಿತಿರುತ್ತವೆ. ಅದರೊಳಗಿಂದ ಪ್ರಶ್ನೆಯನ್ನು ಹೆಕ್ಕಿ ಉತ್ತರ ಕೊಡುವುದೇ ಒಂದು ದುಡಿಮೆ, ಅದು ದಿನವಿಡೀ ನಡೆಯುವ ದುಡಿಮೆ.

ಗದ್ದಲ ಎಲ್ಲರಿಗೂ ಕಿರಿಕಿರಿಯೇ ಅಲ್ಲವೇ? ಇದರಲ್ಲಿ ವಿಶೇಷವೇನು?

ಕಿರಿಕಿರಿ ಎಲ್ಲರಿಗೂ ಆಗುತ್ತದೆ, ಆದರೆ ಸ್ವಲ್ಪ ಹೊತ್ತಿನಲ್ಲಿ ಒಗ್ಗಿಹೋಗುತ್ತದೆ. ರೈಲುಹಳಿಯ ಪಕ್ಕದ ಮನೆಗೆ ಹೊಸದಾಗಿ ಬಂದವರಿಗೆ ಮೊದಲ ವಾರ ನಿದ್ದೆ ಬರುವುದಿಲ್ಲ, ತಿಂಗಳಾದ ಮೇಲೆ ರೈಲು ಹೋದದ್ದೇ ತಿಳಿಯುವುದಿಲ್ಲ. ಈ ಒಗ್ಗಿಕೊಳ್ಳುವಿಕೆ ಆಟಿಸಂನಲ್ಲಿ ನಿಧಾನವಾಗಿರುತ್ತದೆ ಅಥವಾ ನಡೆಯುವುದೇ ಇಲ್ಲ ಎಂಬುದನ್ನು ಮೆದುಳಿನ ಚಿತ್ರಣ ಬಳಸಿದ ಅಧ್ಯಯನಗಳು ಸೂಚಿಸಿವೆ. ಮತ್ತೊಂದು ವಿವರಣೆಯನ್ನು ಸಂಶೋಧಕರಾದ ಎಲಿಜಬೆತ್ ಪೆಲಿಕಾನೋ ಮತ್ತು ಡೇವಿಡ್ ಬರ್ 2012ರಲ್ಲಿ ಮುಂದಿಟ್ಟರು. ನಮ್ಮ ಮೆದುಳು ಜಗತ್ತನ್ನು ಇದ್ದಂತೆಯೇ ನೋಡುವುದಿಲ್ಲ. ಹಿಂದಿನ ಅನುಭವದಿಂದ ಮುಂದೇನು ಬರಬಹುದೆಂದು ಊಹಿಸಿ, ಊಹೆಗೆ ಹೊಂದಿದ್ದನ್ನು ಬದಿಗಿಡುತ್ತದೆ. ಆಟಿಸಂನಲ್ಲಿ ಈ ಪೂರ್ವಗ್ರಹಿಕೆಯ ಬಿಗಿ ಕಡಿಮೆ, ಹಾಗಾಗಿ ಪ್ರತಿಯೊಂದೂ ಹೊಸದಾಗಿಯೇ ತಾಗುತ್ತದೆ ಎಂಬುದು ಅವರ ಸಿದ್ಧಾಂತ. ಇದು ಸಿದ್ಧಾಂತವೇ ಹೊರತು ಕೊನೆಯ ಮಾತಲ್ಲ. ಆದರೆ ಮುಂದೇನಾಗುತ್ತದೆ ಎಂಬುದನ್ನು ಮೊದಲೇ ತಿಳಿಸಿದರೆ ಅನೇಕರಿಗೆ ಏಕೆ ಅಷ್ಟು ನಿರಾಳವಾಗುತ್ತದೆ ಎಂಬುದನ್ನು ಇದು ಚೆನ್ನಾಗಿ ವಿವರಿಸುತ್ತದೆ.

ಇದನ್ನು ವೈದ್ಯರು ಇತ್ತೀಚೆಗೆ ಕಂಡುಕೊಂಡರೇ?

ಕಂಡದ್ದು ಹಳೆಯ ಕಾಲದಲ್ಲಿ, ಒಪ್ಪಿಕೊಂಡದ್ದು ಇತ್ತೀಚೆಗೆ. ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳ ಬಗ್ಗೆ ಬರೆದ ಪ್ರಬಂಧದಲ್ಲೇ, ವ್ಯಾಕ್ಯೂಮ್ ಕ್ಲೀನರ್, ಲಿಫ್ಟ್, ಹರಿಯುವ ನೀರು, ಮೊಟ್ಟೆ ಕಡೆಯುವ ಸಾಧನ, ಕೊನೆಗೆ ಬೀಸುವ ಗಾಳಿ ಕೂಡ ಕೆಲವು ಮಕ್ಕಳನ್ನು ತೀವ್ರವಾಗಿ ಬೆದರಿಸುತ್ತಿದ್ದುದನ್ನು ದಾಖಲಿಸಿದ್ದಾರೆ. ಆದರೂ ಅಮೆರಿಕದ ಮನೋವೈದ್ಯರ ಕೈಪಿಡಿಯ ಐದನೆಯ ಆವೃತ್ತಿ ಬಂದ 2013ರವರೆಗೆ ಇಂದ್ರಿಯ ಸಂವೇದನೆಯ ಏರುಪೇರು ಆಟಿಸಂ ಗುರುತಿಸುವ ಮಾನದಂಡಗಳ ಪಟ್ಟಿಯಲ್ಲಿ ಸ್ಥಾನ ಪಡೆಯಲಿಲ್ಲ. ನಡುವಿನ ಎಪ್ಪತ್ತು ವರ್ಷಗಳಲ್ಲಿ ಇದನ್ನು ಗಟ್ಟಿಯಾಗಿ ಹೇಳುತ್ತ ಬಂದವರಲ್ಲಿ ಆಟಿಸ್ಟಿಕ್ ವ್ಯಕ್ತಿಗಳೇ ಮುಂದಿದ್ದರು. ಪಶುವಿಜ್ಞಾನಿ ಟೆಂಪಲ್ ಗ್ರಾಂಡಿನ್ ಅವರು ಶಾಲೆಯ ಗಂಟೆಯ ಸದ್ದನ್ನು ದಂತವೈದ್ಯರ ಡ್ರಿಲ್ ಹಲ್ಲಿನ ನರಕ್ಕೆ ತಾಗಿದಂಥ ನೋವಿಗೆ ಹೋಲಿಸಿದ್ದಾರೆ. ಹೋಲಿಕೆ ನೋವಿಗೆ ಎಂಬುದನ್ನು ಗಮನಿಸಬೇಕು. ‘ಸದ್ದೆಂದರೆ ಅವನಿಗೆ ಆಗುವುದಿಲ್ಲ’ ಎಂದು ನಾವು ಇಷ್ಟಾನಿಷ್ಟದ ಲೆಕ್ಕಕ್ಕೆ ಸೇರಿಸುವುದು ಎಷ್ಟೋ ಸಲ ನೋವಿನ ಲೆಕ್ಕಕ್ಕೆ ಸೇರಬೇಕಾದದ್ದು.

ತೊಂದರೆ ಕೊಡುವುದು ಸದ್ದು ಮತ್ತು ಬೆಳಕು ಮಾತ್ರವೇ?

ಅಲ್ಲ. ಪಂಚೇಂದ್ರಿಯಗಳ ಜೊತೆಗೆ ದೇಹದ ಸಮತೋಲನದ ಅರಿವು, ಕೈಕಾಲು ಎಲ್ಲಿದೆ ಎಂಬ ಸ್ನಾಯು ಮತ್ತು ಕೀಲುಗಳ ಅರಿವು, ಹಸಿವು, ಬಾಯಾರಿಕೆ, ಮೂತ್ರದ ಒತ್ತಡ, ಎದೆಬಡಿತಗಳಂಥ ಒಳಗಿನ ಅರಿವು, ಇವೂ ಲೆಕ್ಕಕ್ಕೆ ಬರುತ್ತವೆ. ಏರುಪೇರು ಎರಡೂ ದಿಕ್ಕಿನಲ್ಲಿರಬಹುದು. ಸಣ್ಣ ಸದ್ದಿಗೆ ಕಿವಿ ಮುಚ್ಚಿಕೊಳ್ಳುವ ವ್ಯಕ್ತಿಗೆ ಬಿಸಿ ಪಾತ್ರೆ ಕೈ ಸುಟ್ಟದ್ದು ತಡವಾಗಿ ತಿಳಿಯಬಹುದು. ಹಸಿವು ಎಂದು ಗೊತ್ತಾಗದೆ ಬರೀ ತಳಮಳ ಮಾತ್ರ ಅನುಭವಕ್ಕೆ ಬರಬಹುದು. ಸಿನಿಮಾ ಎಂಬುದು ಕಣ್ಣು ಮತ್ತು ಕಿವಿಯ ಕಲೆಯಾದ್ದರಿಂದ ಈ ಉಳಿದ ಅರಿವುಗಳು ತೆರೆಯ ಮೇಲೆ ಬಹುತೇಕ ಬಂದೇ ಇಲ್ಲ.

ಹೊರಗಿನ ಸದ್ದಿಗೆ ಕಿವಿ ಮುಚ್ಚುವ ಮಗು ತಾನೇ ಟಿವಿಯನ್ನು ಜೋರಾಗಿ ಹಾಕುತ್ತದೆ. ಇದು ನಾಟಕವೇ?

ನಾಟಕವಲ್ಲ. ರಿಮೋಟ್ ತನ್ನ ಕೈಯಲ್ಲಿರುವಾಗ ಸದ್ದು ಯಾವಾಗ ಶುರುವಾಗುತ್ತದೆ, ಎಷ್ಟಿರುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದು ಮಗುವಿಗೆ ಗೊತ್ತಿರುತ್ತದೆ. ಬೇಡದ ಸದ್ದುಗಳನ್ನು ಮುಚ್ಚಿಹಾಕಲು ತನಗೆ ಬೇಕಾದ ಒಂದೇ ಸದ್ದನ್ನು ಗೋಡೆಯಂತೆ ಕಟ್ಟಿಕೊಳ್ಳುವವರೂ ಇದ್ದಾರೆ. ಕೈ ಅಲುಗಿಸುವುದು, ತೂಗಾಡುವುದು, ಒಂದೇ ಮಾತನ್ನು ಗುನುಗುವುದು ಮುಂತಾದ, ಸ್ಟಿಮ್ಮಿಂಗ್ ಎಂದು ಕರೆಯುವ ಚಲನೆಗಳದ್ದೂ ಅನೇಕ ವೇಳೆ ಇದೇ ಕೆಲಸ. ‘ಕೈ ಸುಮ್ಮನಿಡು’ ಎಂದು ಗದರಿಸಿದಾಗ ನಾವು ಆ ಗೋಡೆಯನ್ನು ಕೆಡವುತ್ತಿರುತ್ತೇವೆ.

ಮೆಲ್ಟ್‌ಡೌನ್‌ಗೂ ಹಠಕ್ಕೂ ವ್ಯತ್ಯಾಸ ತಿಳಿಯುವುದು ಹೇಗೆ?

ಹಠಕ್ಕೆ ಒಂದು ಗುರಿ ಇರುತ್ತದೆ. ಬೇಕಾದ ಬಲೂನು ಸಿಕ್ಕರೆ ಹಠ ನಿಲ್ಲುತ್ತದೆ. ನೋಡುವವರಿಲ್ಲದಿದ್ದರೂ ಸಾಮಾನ್ಯವಾಗಿ ನಿಲ್ಲುತ್ತದೆ. ಮೆಲ್ಟ್‌ಡೌನ್‌ಗೆ ಗುರಿ ಇಲ್ಲ. ಹೊರೆ ಮಿತಿ ಮೀರಿ ಹಿಡಿತ ತಪ್ಪಿದಾಗ ಅಳು, ಕೂಗು, ಓಡಿಹೋಗುವುದು, ತಲೆ ಬಡಿದುಕೊಳ್ಳುವುದು ಇವೆಲ್ಲ ಆಗಬಹುದು, ಆ ಕ್ಷಣದಲ್ಲಿ ಏನನ್ನು ಕೊಟ್ಟರೂ ನಿಲ್ಲದೆ, ತನ್ನ ಸಮಯ ತೆಗೆದುಕೊಂಡೇ ಇಳಿಯುತ್ತದೆ. ಇನ್ನು ಕೆಲವರಲ್ಲಿ ಹೊರೆ ಒಳಮುಖವಾಗುತ್ತದೆ. ಮಾತು ನಿಲ್ಲುತ್ತದೆ, ಮುಖ ಖಾಲಿಯಾಗುತ್ತದೆ, ಕರೆದರೆ ಓಗೊಡಲಾಗುವುದಿಲ್ಲ. ಇದಕ್ಕೆ ಶಟ್‌ಡೌನ್ ಎನ್ನುತ್ತಾರೆ. ಯಾರಿಗೂ ತೊಂದರೆಯಾಗದ ಕಾರಣ ಮನೆಯಲ್ಲೂ ಶಾಲೆಯಲ್ಲೂ ಇದನ್ನು ‘ಇವತ್ತು ಒಳ್ಳೆಯ ಮಗುವಾಗಿದ್ದ’ ಎಂದು ಹೊಗಳುವುದುಂಟು. ದೊಡ್ಡವರಲ್ಲಿ, ಅದರಲ್ಲೂ ತಮ್ಮ ಆಟಿಸಂ ಮರೆಮಾಚಿ ಬದುಕುವುದನ್ನು ಚಿಕ್ಕಂದಿನಲ್ಲೇ ಕಲಿತ ಹೆಂಗಸರಲ್ಲಿ, ಶಟ್‌ಡೌನ್ ಕೇವಲ ಆಯಾಸದಂತೆ ಅಥವಾ ತಲೆನೋವಿನಂತೆ ಕಾಣಬಹುದು.

ಅಷ್ಟು ಹೊತ್ತು ಚೆನ್ನಾಗಿಯೇ ಇದ್ದವನಿಗೆ ಸಣ್ಣ ವಿಷಯಕ್ಕೆ ಇದ್ದಕ್ಕಿದ್ದಂತೆ ಹೀಗಾಗುವುದೇಕೆ?

ಈ ಪ್ರಶ್ನೆಗೆ ಸಿದ್ಧಾಂತಕ್ಕಿಂತ ಒಂದು ಮದುವೆಯ ದಿನವೇ ಉತ್ತರ ಹೇಳೀತು. ನನ್ನ ತಂಗಿಯ ಮಗನಿಗೆ ಆಗ ಹನ್ನೊಂದು ವರ್ಷ. ಹತ್ತಿರದ ನೆಂಟರ ಮದುವೆ, ಬೆಳಗಿನ ಮುಹೂರ್ತ. ಗಟ್ಟಿಮೇಳದ ಹೊತ್ತಿಗೆ ನಾವೆಲ್ಲ ಉಸಿರು ಬಿಗಿಹಿಡಿದು ಅವನನ್ನೇ ನೋಡುತ್ತಿದ್ದೆವು. ಎರಡೂ ಕಿವಿಗೆ ಬೆರಳು ಕೊಟ್ಟುಕೊಂಡು, ಕಣ್ಣು ಮುಚ್ಚಿ, ಮುಂದಕ್ಕೂ ಹಿಂದಕ್ಕೂ ತೂಗುತ್ತ ನಿಂತವನು ಅದನ್ನು ದಾಟಿಬಿಟ್ಟ. ಊಟಕ್ಕೆ ಕುಳಿತ, ಎರಡು ಹೋಳಿಗೆ ತಿಂದ, ಫೋಟೋಗೂ ನಿಂತ. ಸಂಜೆ ಮನೆಗೆ ಬಂದು ಅರ್ಧ ಗಂಟೆಯಾಗಿತ್ತು. ಒಳಗೆ ಯಾರೋ ಚಟ್ನಿಗೆಂದು ಮಿಕ್ಸಿ ಹಾಕಿದರು. ಆ ಕ್ಷಣಕ್ಕೆ ಕಿರುಚಿ, ಅಂಗಿಯನ್ನು ಗುಂಡಿ ಕಿತ್ತು ಬರುವಂತೆ ಎಳೆದು ಬಿಸಾಡಿ, ಮಂಚದ ಕೆಳಗೆ ಸೇರಿಕೊಂಡವನು ಎರಡು ಗಂಟೆ ಹೊರಗೆ ಬರಲಿಲ್ಲ. ‘ಗಟ್ಟಿಮೇಳಾನೇ ತಡ್ಕೊಂಡೋನಿಗೆ ಈ ಮಿಕ್ಸಿ ಏನ್ ಮಹಾ?’ ಎಂದರು ಹಿರಿಯರೊಬ್ಬರು. ಮರುದಿನ ಅವನ ಅಮ್ಮ, ನಿನ್ನೆ ಯಾವುದು ಎಲ್ಲಕ್ಕಿಂತ ಕಷ್ಟವಾಯಿತು ಎಂದು ಚೀಟಿಯಲ್ಲಿ ಬರೆದು ಕೇಳಿದಳು. ಅವನು ಬರೆದದ್ದು ಒಂದೇ ಪದ: ‘ಅಕ್ಕಿ’. ಅಕ್ಷತೆ ಹಾಕುವಾಗ ಹಿಂದಿನ ಸಾಲಿನವರ ಕೈಯಿಂದ ಬಿದ್ದ ನಾಲ್ಕು ಕಾಳು ಅವನ ಕಾಲರಿನೊಳಗೆ ಇಳಿದಿದ್ದವು. ಅವನು ದಿನವಿಡೀ ಅವುಗಳನ್ನು ಹೊತ್ತುಕೊಂಡೇ ಓಡಾಡಿದ್ದ.

ಹನಿಗೂಡಿದರೆ ಹಳ್ಳ ಎಂಬ ಗಾದೆಯನ್ನು ನಾವು ಉಳಿತಾಯಕ್ಕೆ ಬಳಸುತ್ತೇವೆ. ಅದು ಇಲ್ಲಿಗೂ ಸಲ್ಲುತ್ತದೆ. ಕೊನೆಯ ಹನಿಯನ್ನೇ ಕಾರಣವೆಂದು ಹಿಡಿದು ಮಿಕ್ಸಿಯನ್ನು ದೂರಿದರೆ ಹಳ್ಳ ತುಂಬಿದ್ದು ಹೇಗೆಂದು ತಿಳಿಯುವುದಿಲ್ಲ. ಯಾವ ಚಿತ್ರದಲ್ಲಾದರೂ ಈ ಮದುವೆ ಬಂದಿದ್ದರೆ ಹುಡುಗ ಗಟ್ಟಿಮೇಳದ ಹೊತ್ತಿಗೇ ಕುಸಿಯುತ್ತಿದ್ದ ಎಂದು ನನಗೆ ಖಾತ್ರಿಯಿದೆ. ತೆರೆಯ ಮೇಲಿನ ಚಿತ್ರಣದ ಬಗ್ಗೆ ಮುಂದೆ ಹೇಳುವ ಬಹುಪಾಲು ಆಕ್ಷೇಪಗಳ ಮೂಲ ಇಲ್ಲಿಯೇ ಇದೆ.

‘ರೇನ್ ಮ್ಯಾನ್’ ಚಿತ್ರದ ಬಗ್ಗೆ ಇಂದಿಗೂ ಇಷ್ಟು ಚರ್ಚೆ ಏಕೆ?

1988ರ ಆ ಚಿತ್ರ ನಾಲ್ಕು ಆಸ್ಕರ್ ಪ್ರಶಸ್ತಿಗಳನ್ನು ಗೆದ್ದಿತು ಮತ್ತು ಆಟಿಸಂ ಎಂಬ ಪದವನ್ನೇ ಕೇಳಿರದ ಕೋಟ್ಯಂತರ ಜನರಿಗೆ ಅದನ್ನು ಪರಿಚಯಿಸಿತು. ಡಸ್ಟಿನ್ ಹಾಫ್‌ಮನ್ ನಿರ್ವಹಿಸಿದ ರೇಮಂಡ್ ಪಾತ್ರಕ್ಕೆ ಪ್ರೇರಣೆಯಾದ ಕಿಮ್ ಪೀಕ್ ಅವರಿಗೆ ಆಟಿಸಂ ಇರಲಿಲ್ಲ ಎಂಬ ಅಭಿಪ್ರಾಯ ನಂತರದ ವರ್ಷಗಳಲ್ಲಿ ಬಲವಾಯಿತು ಎಂಬುದು ಬೇರೆ ಮಾತು. ಇಂದ್ರಿಯಗಳ ಹೊರೆಯ ಮಟ್ಟಿಗೆ ಎಲ್ಲರ ನೆನಪಿನಲ್ಲಿ ಉಳಿದದ್ದು ಹೊಗೆ ಎಚ್ಚರಿಕೆಯ ಅಲಾರಂ ದೃಶ್ಯ. ಅಲಾರಂ ಹೊಡೆದುಕೊಳ್ಳುತ್ತದೆ, ರೇಮಂಡ್ ಕಿರುಚುತ್ತ ತಲೆ ಬಡಿದುಕೊಳ್ಳುತ್ತಾನೆ. ಅಲಾರಂ ಸದ್ದು ನಿಜವಾಗಿಯೂ ಅಸಹನೀಯ, ಹಾಫ್‌ಮನ್ ಅಭಿನಯದಲ್ಲೂ ಕೃತಕತೆ ಇಲ್ಲ. ಆದರೆ ಕ್ಯಾಮೆರಾ ತಮ್ಮ ಚಾರ್ಲಿಯ ಜೊತೆ ನಿಂತು ರೇಮಂಡನನ್ನು ನೋಡುತ್ತದೆ. ನಮಗೆ ಕೇಳುವುದು ನಾವು ಕೇಳುವಂಥ ಸದ್ದು. ಅವನಿಗೆ ಕೇಳಿದ್ದೇನು ಎಂಬುದು ಕೊನೆಗೂ ತಿಳಿಯುವುದಿಲ್ಲ. ಒಂದು ಕಾರಣ, ಒಡನೆಯೇ ಒಂದು ಸ್ಫೋಟ, ನಂತರ ಮುಂದಿನ ದೃಶ್ಯ ಎಂಬ ಈ ಅಚ್ಚು ಆಮೇಲೆ ಬಂದ ಎಷ್ಟೋ ಚಿತ್ರಗಳಿಗೆ ಮಾದರಿಯಾಯಿತು.

ಭಾರತದ ಚಿತ್ರಗಳು ಇದನ್ನು ಹೇಗೆ ತೋರಿಸಿವೆ?

2010ರ ‘ಮೈ ನೇಮ್ ಈಸ್ ಖಾನ್’ ಈ ವಿಷಯದಲ್ಲಿ ನಾವು ನೆನಪಿಟ್ಟದ್ದಕ್ಕಿಂತ ಹೆಚ್ಚು ಎಚ್ಚರದಿಂದ ಕೂಡಿದೆ. ಶಾರುಖ್ ಖಾನ್ ಅವರ ರಿಜ್ವಾನ್‌ಗೆ ಜೋರು ಸದ್ದು ಆಗದು, ಹಳದಿ ಬಣ್ಣವೂ ಆಗದು. ಹಳದಿಯ ಭಯವನ್ನು ಚಿತ್ರ ಕೆಲವೆಡೆ ತಮಾಷೆಗೆ ಬಳಸುತ್ತದೆ ಎನ್ನುವುದು ನಿಜ. ಆದರೆ ಅವನು ಹೊಸ ಊರಿನಲ್ಲಿ ಸಣ್ಣ ವಿಡಿಯೋ ಕ್ಯಾಮೆರಾದ ಮೂಲಕ ಜಗತ್ತನ್ನು ನೋಡುತ್ತ ನಡೆಯುವುದು ಒಳ್ಳೆಯ ಗ್ರಹಿಕೆ. ಎಲ್ಲ ಕಡೆಯಿಂದ ಮೇಲೆ ಬೀಳುವ ಬೀದಿಯನ್ನು ಅಂಗೈಯಗಲದ ಚೌಕಟ್ಟಿಗೆ ಇಳಿಸಿಕೊಳ್ಳುವ ಉಪಾಯ ಅದು. ಮಾತ್ರೆ ಇಲ್ಲ, ಚಮತ್ಕಾರವಿಲ್ಲ, ತನ್ನ ಹೊರೆಯನ್ನು ತಾನೇ ಕಡಿಮೆ ಮಾಡಿಕೊಳ್ಳುವ ಒಬ್ಬ ವಯಸ್ಕ ಇದ್ದಾನೆ.

2012ರ ‘ಬರ್ಫಿ’ಯಲ್ಲಿ ಪ್ರಿಯಾಂಕಾ ಚೋಪ್ರಾ ನಿರ್ವಹಿಸಿದ ಝಿಲ್‌ಮಿಲ್ ಪಾತ್ರವನ್ನು ಜನ ಬಹಳ ಮೆಚ್ಚಿದರು. ಅಲ್ಲಿ ಆಟಿಸಂ ಹೆಚ್ಚಾಗಿ ಮುಗ್ಧತೆಯ ಇನ್ನೊಂದು ಹೆಸರಾಗಿಬಿಟ್ಟಿದೆ ಎಂಬುದು ನನ್ನ ಅನಿಸಿಕೆ. ಆಕೆಗೆ ಜಗತ್ತು ಹೇಗೆ ತಾಗುತ್ತದೆ ಎಂಬ ಪ್ರಶ್ನೆಯನ್ನು ಆ ಚಿತ್ರ ಅಷ್ಟಾಗಿ ಕೇಳಿಕೊಳ್ಳುವುದಿಲ್ಲ. ಅಂದಹಾಗೆ, ಈ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ‘ತಾರೇ ಜಮೀನ್ ಪರ್’ ಹೆಸರು ತೆಗೆಯುತ್ತಾರೆ. ಆ ಚಿತ್ರದ ಬಾಲಕನಿಗೆ ಇರುವುದು ಡಿಸ್‌ಲೆಕ್ಸಿಯಾ, ಆಟಿಸಂ ಅಲ್ಲ.

ಅನುಭವವನ್ನು ಒಳಗಿನಿಂದ ತೋರಿಸಲು ಪ್ರಯತ್ನಿಸಿದ ಚಿತ್ರಗಳಿವೆಯೇ?

ಇವೆ, ಮತ್ತು ನೋಡಬೇಕಾದವು ಇವೇ. 2010ರಲ್ಲಿ ಎಚ್‌ಬಿಒ ನಿರ್ಮಿಸಿದ ‘ಟೆಂಪಲ್ ಗ್ರಾಂಡಿನ್’ ಚಿತ್ರದಲ್ಲಿ ಅಂಗಡಿಯ ತಾನಾಗಿ ತೆರೆಯುವ ಬಾಗಿಲು ಕ್ಲೇರ್ ಡೇನ್ಸ್ ಅವರ ಪಾತ್ರಕ್ಕೆ ಕತ್ತು ಕತ್ತರಿಸುವ ಯಂತ್ರದಂತೆ ತೋರುತ್ತದೆ, ಆ ಯಂತ್ರ ಕ್ಷಣಮಾತ್ರ ನಮ್ಮ ಕಣ್ಣಿಗೂ ಬೀಳುತ್ತದೆ. ದನಗಳನ್ನು ಹಿಡಿದು ನಿಲ್ಲಿಸುವ ಕಟ್ಟನ್ನು ನೋಡಿ ಆಕೆ ತನಗಾಗಿ ತಯಾರಿಸಿಕೊಳ್ಳುವ ಅಪ್ಪುಗೆಯ ಯಂತ್ರವೂ ಅಲ್ಲಿದೆ. ಮನುಷ್ಯರ ಅಪ್ಪುಗೆ ತಾಳಲಾರದವರಿಗೆ ಎರಡು ಹಲಗೆಗಳ ಒಂದೇ ಸಮನಾದ ಒತ್ತಡ ನೆಮ್ಮದಿ ಕೊಡುವುದು ವಿಚಿತ್ರವೆನಿಸಬಹುದು. ಆದರೆ ಹಗುರ ಸ್ಪರ್ಶ ಮತ್ತು ಗಾಢ ಒತ್ತಡ ದೇಹಕ್ಕೆ ಬೇರೆ ಬೇರೆ ಸಂಗತಿಗಳು ಎಂಬುದನ್ನು ಅಷ್ಟು ಸರಳವಾಗಿ ತೋರಿಸಿದ ಇನ್ನೊಂದು ಚಿತ್ರ ನನಗೆ ಗೊತ್ತಿಲ್ಲ.

ಬ್ರಿಟನ್ನಿನ ನ್ಯಾಷನಲ್ ಆಟಿಸ್ಟಿಕ್ ಸೊಸೈಟಿ 2016ರಲ್ಲಿ ಮಾಡಿದ ಕಿರುಚಿತ್ರವೊಂದರಲ್ಲಿ ಬಾಲಕನೊಬ್ಬ ತಾಯಿಯೊಂದಿಗೆ ಮಾಲ್‌ನಲ್ಲಿ ನಡೆಯುತ್ತಾನೆ. ಸದ್ದು, ಬೆಳಕು, ಜನರ ಚಲನೆ ಒಂದರ ಮೇಲೊಂದು ಪೇರುತ್ತ ಹೋಗುತ್ತವೆ. ಕಥೆ ನಡೆಯುವುದು ಒಂದೆರಡು ನಿಮಿಷ ಮಾತ್ರ, ಆದರೆ ಪೇರುವಿಕೆ ಎಂಬುದು ಅದರಲ್ಲಿದೆ. ಆ ಬಾಲಕನ ಪಾತ್ರ ಮಾಡಿದವನೂ ಆಟಿಸ್ಟಿಕ್.

ನನಗೆ ಇವೆಲ್ಲಕ್ಕಿಂತ ಮುಖ್ಯವೆನಿಸುವುದು ಜೆರ್ರಿ ರಾಥ್‌ವೆಲ್ ನಿರ್ದೇಶನದ 2020ರ ಸಾಕ್ಷ್ಯಚಿತ್ರ ‘ದಿ ರೀಸನ್ ಐ ಜಂಪ್’. ಜಪಾನಿನ ನವೋಕಿ ಹಿಗಾಶಿದ ಅವರ ಪುಸ್ತಕವನ್ನು ಆಧರಿಸಿದ ಈ ಚಿತ್ರ ಭಾರತ, ಬ್ರಿಟನ್, ಅಮೆರಿಕ, ಸಿಯೆರಾ ಲಿಯೋನ್‌ಗಳ ಮಾತು ಕಡಿಮೆಯಿರುವ ಆಟಿಸ್ಟಿಕ್ ಯುವಜನರನ್ನು ಹಿಂಬಾಲಿಸುತ್ತದೆ. ಅವರಲ್ಲೊಬ್ಬಾಕೆ ನೋಯ್ಡಾದ, ಚಿತ್ರ ಬರೆಯುವ ಕಲಾವಿದೆ. ಇಲ್ಲಿ ವಸ್ತುಗಳು ತೀರಾ ಸಮೀಪದಿಂದ ಕಾಣುತ್ತವೆ, ಮೊದಲು ಬಿಡಿ ವಿವರ, ಆಮೇಲೆ ಇಡೀ ವಸ್ತು. ಸದ್ದುಗಳು ಕೇವಲ ಜೋರಾಗುವುದಿಲ್ಲ, ಬಿಡಿಬಿಡಿಯಾಗುತ್ತವೆ. ಹೊರೆಯ ಜೊತೆಗೆ ಸಂತೋಷವೂ ಇದೆ. ಬೆಳಕಿನ ಒಂದು ತುಣುಕನ್ನು, ನೀರಿನ ಒಂದು ಅಲೆಯನ್ನು ಮೈಮರೆತು ನೋಡುವ ಸುಖವೂ ಇದೇ ಇಂದ್ರಿಯಗಳಿಂದಲೇ ಬರುತ್ತದೆ ಎಂಬುದನ್ನು ಚಿತ್ರ ಮರೆತಿಲ್ಲ. ಮೂಲ ಪುಸ್ತಕವನ್ನು ಅಕ್ಷರಫಲಕದ ನೆರವಿನಿಂದ ಬರೆದಿರುವುದರಿಂದ ಅದರಲ್ಲಿ ಎಷ್ಟು ಭಾಗ ಬಾಲಕನದು ಎಂಬ ವಿವಾದವಿದೆ, ಅದನ್ನು ತಿಳಿದೇ ನೋಡುವುದು ಒಳ್ಳೆಯದು.

ಇಂಥ ವಿಡಿಯೋ ನೋಡಿದರೆ ನಮಗೂ ಆ ಅನುಭವವಾಗುತ್ತದೆಯೇ?

ಅಂದಾಜು ಸಿಗುತ್ತದೆ, ಅನುಭವ ಸಿಗುವುದಿಲ್ಲ. ಧ್ವನಿ ಏರಿಸಿ, ಚಿತ್ರ ಮಸುಕಾಗಿಸಿ, ಬೆಳಕನ್ನು ಮಿಣುಕಿಸಿದರೆ ನೋಡುಗರಿಗೆ ಒಂದು ನಿಮಿಷ ಹಿಂಸೆಯಾಗುತ್ತದೆ, ಆಮೇಲೆ ಮೊಬೈಲ್ ಕೆಳಗಿಟ್ಟು ಚಹಾ ಕುಡಿಯಬಹುದು. ನಿಲ್ಲಿಸುವ ಗುಂಡಿ ನಮ್ಮ ಬೆರಳಡಿ ಇರುತ್ತದೆ ಎನ್ನುವುದೇ ದೊಡ್ಡ ವ್ಯತ್ಯಾಸ. ಇನ್ನೊಂದು, ಅನೇಕರ ಪಾಲಿಗೆ ಸಮಸ್ಯೆ ಎಲ್ಲವೂ ಜೋರಾಗಿ ಕೇಳುವುದಲ್ಲ. ಮುಖ್ಯವಾದದ್ದೂ ಮುಖ್ಯವಲ್ಲದ್ದೂ ಒಂದೇ ತೂಕದಲ್ಲಿ ಕೇಳುವುದು. ಧ್ವನಿ ಸಂಯೋಜಕರು ಮಾತಿನ ಪದರವನ್ನು ಮುಂದಿಟ್ಟು ಹಿನ್ನೆಲೆಯನ್ನು ತಗ್ಗಿಸುವ ಕೆಲಸವನ್ನು ದಿನವೂ ಮಾಡುತ್ತಾರಲ್ಲ, ಆ ಸಂಯೋಜನೆಯನ್ನೇ ಮಾಡದೆ ಬಿಟ್ಟ ಧ್ವನಿಪಥ ಬಹುಶಃ ಸತ್ಯಕ್ಕೆ ಹೆಚ್ಚು ಸಮೀಪ. ವಿಪರ್ಯಾಸವೆಂದರೆ, ಆಟಿಸಂ ಅರ್ಥಮಾಡಿಸಲೆಂದೇ ತಯಾರಿಸಿದ ಇಂಥ ವಿಡಿಯೋಗಳನ್ನು ಅನೇಕ ಆಟಿಸ್ಟಿಕ್ ವ್ಯಕ್ತಿಗಳು ನೋಡಲಾರರು.

ಈಗಿನ ಧಾರಾವಾಹಿಗಳಲ್ಲಿ ಆಟಿಸ್ಟಿಕ್ ಪಾತ್ರಗಳ ಕಿವಿಯ ಮೇಲೆ ಹೆಡ್‌ಫೋನ್ ಇದ್ದೇ ಇರುತ್ತದೆ. ಅದು ಸರಿಯೇ?

ವಸ್ತು ಸರಿಯಾದದ್ದೇ. ಸದ್ದು ತಡೆಯುವ ಹೆಡ್‌ಫೋನ್ ಎಷ್ಟೋ ಜನರಿಗೆ ಬಸ್ಸು, ಮೆಟ್ರೊಗಳಲ್ಲಿ ಓಡಾಡಲು ಸಾಧ್ಯವಾಗಿಸಿದೆ. ದಕ್ಷಿಣ ಕೊರಿಯಾದ 2022ರ ‘ಎಕ್ಸ್‌ಟ್ರಾಆರ್ಡಿನರಿ ಅಟಾರ್ನಿ ವೂ’ ಧಾರಾವಾಹಿಯಲ್ಲಿ ವಕೀಲೆ ವೂ ಮೆಟ್ರೊದಲ್ಲಿ ಹೆಡ್‌ಫೋನ್ ಧರಿಸಿಯೇ ಪ್ರಯಾಣಿಸುತ್ತಾಳೆ. ಕಚೇರಿಯ ತಿರುಗುಬಾಗಿಲನ್ನು ದಾಟಲು ಆಕೆ ತಡವರಿಸುವುದು ಹೆಡ್‌ಫೋನ್‌ಗಿಂತ ಸೂಕ್ಷ್ಮವಾದ ವಿವರ. ಹೆಡ್‌ಫೋನ್ ಹಾಕಿಸಿಬಿಟ್ಟರೆ ಆಟಿಸಂ ತೋರಿಸಿದಂತಾಯಿತು ಎಂದು ನಿರ್ದೇಶಕರು ಕೈತೊಳೆದುಕೊಂಡಾಗ ಮಾತ್ರ ಅದು ವೇಷಭೂಷಣವಾಗುತ್ತದೆ.

2017ರಲ್ಲಿ ಆರಂಭವಾದ ಅಮೆರಿಕದ ‘ಎಟಿಪಿಕಲ್’ ಸರಣಿಯನ್ನು, ಮೊದಲ ಭಾಗದಲ್ಲಿ ಆಟಿಸ್ಟಿಕ್ ಕಲಾವಿದರಿಗೆ ಸಾಕಷ್ಟು ಸ್ಥಾನ ಕೊಟ್ಟಿರಲಿಲ್ಲ ಎಂದು ಬಹಳ ಟೀಕಿಸಿದರು, ಟೀಕೆ ನ್ಯಾಯವಾದದ್ದೇ. ಆದರೂ ಅದೇ ಮೊದಲ ಭಾಗದಲ್ಲಿ ನಾನು ಮರೆಯಲಾರದ ಒಂದು ಸಂಗತಿ ಇದೆ. ಶಾಲೆಯ ನೃತ್ಯಕೂಟದ ಗದ್ದಲವನ್ನು ಆಟಿಸ್ಟಿಕ್ ನಾಯಕ ಸ್ಯಾಮ್ ತಾಳಲಾರನೆಂದು, ಎಲ್ಲರೂ ಹೆಡ್‌ಫೋನ್ ಧರಿಸಿ ಅದರಲ್ಲೇ ಸಂಗೀತ ಕೇಳುತ್ತ ಕುಣಿಯುವ ಏರ್ಪಾಡು ಮಾಡುತ್ತಾರೆ. ಹುಡುಗನನ್ನು ಸಭಾಂಗಣಕ್ಕೆ ಒಗ್ಗಿಸುವ ಬದಲು ಸಭಾಂಗಣವೇ ಅವನಿಗೆ ಒಗ್ಗುತ್ತದೆ.

ತಪ್ಪು ಚಿತ್ರಣದಿಂದ ನಿಜವಾಗಿ ಹಾನಿಯಾಗುತ್ತದೆಯೇ, ಅಥವಾ ಇದು ಅತಿಯಾದ ಸೂಕ್ಷ್ಮತೆಯೇ?

ಹಾನಿಯಾಗಬಹುದು, ಜೀವಕ್ಕೂ ಆಗಬಹುದು. ಗಾಯಕಿ ಸಿಯಾ ನಿರ್ದೇಶಿಸಿ 2021ರಲ್ಲಿ ಬಿಡುಗಡೆಯಾದ ‘ಮ್ಯೂಸಿಕ್’ ಚಿತ್ರದಲ್ಲಿ ಮೆಲ್ಟ್‌ಡೌನ್ ಆದ ಹುಡುಗಿಯನ್ನು ನೆಲಕ್ಕೆ ಒತ್ತಿ, ಮೈಮೇಲೆ ಭಾರ ಹಾಕಿ ಹಿಡಿಯುವುದನ್ನು ಪ್ರೀತಿಯ ಉಪಚಾರವೆಂಬಂತೆ ತೋರಿಸಲಾಗಿತ್ತು. ಬೋರಲು ಮಲಗಿಸಿ ಒತ್ತಿ ಹಿಡಿದರೆ ಉಸಿರು ಕಟ್ಟುವ ಅಪಾಯವಿದೆ. ಹೊರೆಯಿಂದ ಕುಸಿದವರ ಮೇಲೆ ಇನ್ನೊಂದು ಹೊರೆ ಹೇರಿದಂತೆಯೂ ಆಗುತ್ತದೆ. ಆಟಿಸ್ಟಿಕ್ ಸಮುದಾಯದ ಪ್ರತಿಭಟನೆಯ ನಂತರ ಸಿಯಾ ಕ್ಷಮೆ ಕೇಳಿ, ಚಿತ್ರಕ್ಕೆ ಎಚ್ಚರಿಕೆಯ ಸಾಲು ಸೇರಿಸುವುದಾಗಿಯೂ ಆ ದೃಶ್ಯಗಳನ್ನು ಕೈಬಿಡುವುದಾಗಿಯೂ ಹೇಳಬೇಕಾಯಿತು. ಅದೇ ಚಿತ್ರದ ಹಾಡುಗಳ ಕಣ್ಣು ಕೋರೈಸುವ ಬಣ್ಣ ಮತ್ತು ಮಿಣುಕು ಬೆಳಕು, ಯಾರ ಬಗ್ಗೆ ಚಿತ್ರ ಮಾಡಿದರೋ ಅವರೇ ನೋಡಲಾಗದಂತೆ ಇದ್ದವು ಎಂಬುದು ಮತ್ತೊಂದು ದೂರು.

2016ರ ‘ದಿ ಅಕೌಂಟೆಂಟ್’ ಇನ್ನೊಂದು ಬಗೆಯದು. ಬೆನ್ ಅಫ್ಲೆಕ್ ಅವರ ಆಟಿಸ್ಟಿಕ್ ಪಾತ್ರ ರಾತ್ರಿ ಮಿಂಚುವ ದೀಪ ಹಾಕಿ, ಅಬ್ಬರದ ಸಂಗೀತ ಹಚ್ಚಿ, ಕಾಲಿನ ಎಲುಬಿನ ಮೇಲೆ ಕೋಲು ಉರುಳಿಸಿಕೊಳ್ಳುತ್ತದೆ. ನೋವನ್ನು ದಿನವೂ ಉಂಡರೆ ನೋವು ಹೋಗುತ್ತದೆ ಎಂಬ ನಂಬಿಕೆ ಅದರ ಹಿಂದಿದೆ. ನಮ್ಮಲ್ಲೂ ‘ಜಾತ್ರೆಗೆ ನಾಲ್ಕು ಸಲ ಕರ್ಕೊಂಡು ಹೋದ್ರೆ ಎಲ್ಲ ಸರಿಯಾಗುತ್ತೆ’ ಎನ್ನುವ ಹಿತೈಷಿಗಳಿಗೆ ಕೊರತೆಯಿಲ್ಲ. ಒಗ್ಗಿಕೊಳ್ಳುವಿಕೆಯೇ ಸರಾಗವಾಗಿ ನಡೆಯದವರನ್ನು ಒಗ್ಗಿಕೊಳ್ಳಲೆಂದು ಗದ್ದಲಕ್ಕೆ ನೂಕಿದರೆ, ಮಗು ಕಲಿಯುವುದು ಸಾಮಾನ್ಯವಾಗಿ ಒಂದೇ ಪಾಠ: ನೋವಾದಾಗ ಹೇಳಿ ಪ್ರಯೋಜನವಿಲ್ಲ.

ಆಟಿಸ್ಟಿಕ್ ಪಾತ್ರವನ್ನು ಆಟಿಸ್ಟಿಕ್ ಕಲಾವಿದರೇ ಮಾಡಬೇಕೇ?

ಕಡ್ಡಾಯವೆನ್ನುವ ಕಾನೂನಿಲ್ಲ, ಆದರೆ ಫಲಿತಾಂಶದಲ್ಲಿ ವ್ಯತ್ಯಾಸ ಕಾಣುತ್ತದೆ. ಪಿಕ್ಸಾರ್‌ನ 2020ರ ಕಿರುಚಿತ್ರ ‘ಲೂಪ್’ನ ನಾಯಕಿ ಮಾತನಾಡದ ಹುಡುಗಿ ರೆನೆ, ಆಕೆಗೆ ದನಿ ಕೊಟ್ಟ ಮ್ಯಾಡಿಸನ್ ಬ್ಯಾಂಡಿ ಕೂಡ ಆಟಿಸ್ಟಿಕ್. ಕೆರೆಯಂಚಿನ ಜೊಂಡನ್ನು ರೆನೆ ಕೈಯಿಂದ ಸವರುವ ಸುಖಕ್ಕೆ ಆ ಚಿತ್ರ ಕೊಡುವ ಸಮಯವನ್ನು ನೋಡಿದರೆ, ತಿಳಿದವರು ಕೂತು ಮಾಡಿದ ಕೆಲಸ ಎಂದು ಗೊತ್ತಾಗುತ್ತದೆ. 2017ರಲ್ಲಿ ‘ಸೆಸಮಿ ಸ್ಟ್ರೀಟ್’ ದೂರದರ್ಶನ ಕಾರ್ಯಕ್ರಮಕ್ಕೆ ಬಂದ ಜೂಲಿಯಾ ಎಂಬ ಬೊಂಬೆ ಸೈರನ್ ಕೇಳಿ ಕಿವಿ ಮುಚ್ಚಿಕೊಳ್ಳುತ್ತದೆ. ಗೆಳೆಯರು ಅವಳು ಸ್ವಲ್ಪ ಹೊತ್ತು ದೂರ ಹೋಗಿ ಸುಧಾರಿಸಿಕೊಂಡು ಬರಲು ಬಿಡುತ್ತಾರೆ. ಆ ಬೊಂಬೆ ಆಡಿಸುವ ಸ್ಟೇಸಿ ಗಾರ್ಡನ್ ಆಟಿಸ್ಟಿಕ್ ಮಗನ ತಾಯಿ.

ನಮ್ಮ ದೇಶದಲ್ಲಿ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಗುರುತಿಸುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. 2024ರ ಜುಲೈ 8ರಂದು ಸುಪ್ರೀಂ ಕೋರ್ಟ್ ‘ಆಂಖ್ ಮಿಚೋಲಿ’ ಚಿತ್ರದ ಕುರಿತ ಪ್ರಕರಣದಲ್ಲಿ, ಅಂಗವೈಕಲ್ಯ ಇರುವವರನ್ನು ತೆರೆಯ ಮೇಲೆ ತೋರಿಸುವಾಗ ಅನುಸರಿಸಬೇಕಾದ ಮಾರ್ಗಸೂಚಿಯನ್ನು ನೀಡಿತು. ಆಯಾ ಸ್ಥಿತಿಯ ಬಗ್ಗೆ ಸರಿಯಾಗಿ ತಿಳಿದುಕೊಂಡು ಚಿತ್ರಿಸಬೇಕು, ಹುಸಿ ನಂಬಿಕೆಗಳನ್ನು ಹರಡಬಾರದು, ಆ ಸಮುದಾಯದವರನ್ನು ತಯಾರಿಕೆಯಲ್ಲಿ ಒಳಗೊಳ್ಳಬೇಕು ಎಂಬುದು ಅದರ ಸಾರ. ತಮ್ಮನ್ನು ಹೊರಗಿಟ್ಟು ತಮ್ಮ ವಿಷಯದಲ್ಲಿ ಏನನ್ನೂ ತೀರ್ಮಾನಿಸಬಾರದು ಎಂಬ ಅಂಗವಿಕಲರ ಚಳವಳಿಯ ಹಳೆಯ ಘೋಷಣೆಯನ್ನು ನ್ಯಾಯಾಲಯವೂ ನೆನಪಿಸಿತು.

ನಮ್ಮ ಮಗಳನ್ನು ಚಿತ್ರಮಂದಿರಕ್ಕೆ ಕರೆದೊಯ್ಯಬಹುದೇ?

ಆಕೆಗೆ ಇಷ್ಟವಿದ್ದರೆ ಖಂಡಿತ. ಅಮೆರಿಕದ ಎಎಂಸಿ ಚಿತ್ರಮಂದಿರಗಳು 2007ರಿಂದಲೂ ದೀಪ ಪೂರ್ತಿ ಆರಿಸದ, ಧ್ವನಿ ತಗ್ಗಿಸಿದ, ಪ್ರೇಕ್ಷಕರು ಎದ್ದು ಓಡಾಡಬಹುದಾದ, ಹಾಡಿ ಕುಣಿಯಬಹುದಾದ ವಿಶೇಷ ಪ್ರದರ್ಶನಗಳನ್ನು ನಡೆಸುತ್ತಿವೆ. ನಮ್ಮ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2024ರ ಮಾರ್ಚ್‌ನಲ್ಲಿ ಹೊರಡಿಸಿದ ಚಿತ್ರಮಂದಿರಗಳ ಸುಗಮ್ಯತಾ ಮಾರ್ಗಸೂಚಿ ಶ್ರವಣ ಮತ್ತು ದೃಷ್ಟಿ ದೋಷ ಇರುವವರಿಗೆ ಸಂಬಂಧಿಸಿದ್ದು. ಇಂದ್ರಿಯಗಳ ಹೊರೆಯ ವಿಷಯ ಅದರ ವ್ಯಾಪ್ತಿಯಲ್ಲಿಲ್ಲ. ಆದ್ದರಿಂದ ಸದ್ಯಕ್ಕೆ ಏರ್ಪಾಡು ನಾವೇ ಮಾಡಿಕೊಳ್ಳಬೇಕು.

ವಾರದ ಮಧ್ಯದ ಬೆಳಗಿನ ಪ್ರದರ್ಶನ ಆರಿಸಿದರೆ ಜನ ಕಡಿಮೆ. ಸಾಲಿನ ತುದಿಯ, ಬಾಗಿಲಿಗೆ ಹತ್ತಿರದ ಆಸನ ಕೇಳಿ ಪಡೆಯಿರಿ. ಜಾಹೀರಾತುಗಳ ಸದ್ದು ಅನೇಕ ವೇಳೆ ಚಿತ್ರಕ್ಕಿಂತ ಹೆಚ್ಚಿರುತ್ತದೆ, ಅವು ಮುಗಿದ ಮೇಲೆ ಒಳಗೆ ಹೋಗುವುದು ಲೇಸು. ಎಸಿಯ ಚಳಿ ಮತ್ತು ಪಾಪ್‌ಕಾರ್ನ್ ಬೆಣ್ಣೆಯ ವಾಸನೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಕಥೆಯನ್ನು ಮೊದಲೇ ಹೇಳಿಟ್ಟರೆ ಮಜಾ ಹೋಗುತ್ತದೆ ಎಂಬುದು ನಮ್ಮ ಭಾವನೆ. ಎಲ್ಲಿ ಗುಂಡಿನ ಸದ್ದು ಬರುತ್ತದೆ ಎಂದು ತಿಳಿದಿದ್ದರೆ ಮಾತ್ರ ಮಜಾ ಎನ್ನುವವರೂ ಇದ್ದಾರೆ. ಮಧ್ಯಂತರದಲ್ಲೇ ಹೊರಟು ಬಂದರೆ ದುಡ್ಡು ದಂಡವಾಯಿತೆಂದು ಮಗಳ ಎದುರು ಹೇಳಬೇಡಿ. ಆ ದಿನ ಬೇರೆ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ, ಚೆನ್ನಾಗಿ ನೋಡಿ ಬಂದಿದ್ದರೂ ಸಂಜೆಯ ಮಿಕ್ಸಿ ಕಾಯುತ್ತಿರುತ್ತದೆ.

ಒಳಗೆ ಕೂತಿರುವಾಗಲೇ ಮೆಲ್ಟ್‌ಡೌನ್ ಆದರೆ?

ಅಪಾಯವಿಲ್ಲದ, ಬೆಳಕೂ ಸದ್ದೂ ಕಡಿಮೆಯಿರುವ ಜಾಗಕ್ಕೆ ದಾರಿ ಮಾಡಿಕೊಡಿ. ಮೆಟ್ಟಿಲ ಮೂಲೆಯಾದರೂ ಸರಿ. ಮಾತು ಕಡಿಮೆ ಮಾಡಿ, ಏಕೆಂದರೆ ನಿಮ್ಮ ಸಮಾಧಾನದ ಮಾತೂ ಆ ಹೊತ್ತಿಗೆ ಮತ್ತೊಂದು ಸದ್ದು. ಕೇಳದೆ ಮುಟ್ಟಬೇಡಿ. ಪಕ್ಕದವರು ಸಲಹೆ ಕೊಡಲು ಬಂದರೆ ಒಬ್ಬರು ಅವರನ್ನು ಸಂಭಾಳಿಸಲಿ, ಇನ್ನೊಬ್ಬರು ಮಗಳ ಬಳಿ ಸುಮ್ಮನೆ ಇರಲಿ. ಪ್ರಶ್ನೆಗಳೇನಿದ್ದರೂ ಮರುದಿನಕ್ಕೆ.

ಮನೆಯಲ್ಲಿ ಮಗ ಒಂದೇ ಚಿತ್ರದ ಒಂದೇ ದೃಶ್ಯವನ್ನು ನೂರು ಸಲ ಹಾಕಿ ನೋಡುತ್ತಾನೆ. ತಡೆಯಬೇಕೇ?

ಬೇಡ. ಪ್ರತಿ ಸದ್ದೂ ಎಲ್ಲಿ ಬರುತ್ತದೆಂದು ಅವನಿಗೆ ಗೊತ್ತಿರುವ ಎರಡು ನಿಮಿಷಗಳು ಅವು. ಮನೆಯ ಉಳಿದವರಿಗೆ ಅದು ತಲೆ ಚಿಟ್ಟು ಹಿಡಿಸಿದರೆ, ಹೆಡ್‌ಫೋನ್ ನೀವು ಹಾಕಿಕೊಳ್ಳಿ.